ಮಂಗನ ಕಾಯಿಲೆಯ ಸಂಶೋಧನೆಗೆ ಹಣ ಯಾರದು?

ಪ್ರಶ್ನೆ: ಕಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದೊಡನೆ ನಮ್ಮೂರಿಗೆ ಆರೋಗ್ಯ ಇಲಾಖೆಯವರು ಬಂದು ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತಾರೆ. ಮಳೆ ಹಿಡಿದ ಮೇಲೆ ಯಾರ ಸುಳಿವೂ ಇರುವುದಿಲ್ಲ. 1957ರಲ್ಲೇ ಪತ್ತೆಯಾದ ಈ ರೋಗಕ್ಕೆ ಇಂದಿಗೂ ನೆಚ್ಚಬಹುದಾದ ಲಸಿಕೆ ಏಕಿಲ್ಲ? ಆಸ್ಪತ್ರೆಗೇ ದುಡ್ಡು ಸಾಲದ ದೇಶ ಸಂಶೋಧನೆಗೆ ಹಣ ಹಾಕಬೇಕೆ?
– ಓದುಗರು, ಸಿದ್ದಾಪುರ ತಾಲೂಕು

ಉತ್ತರ: ಹಾಕಲೇಬೇಕು. ನಮ್ಮ ರೋಗದ ಬಗ್ಗೆ ನಾವು ಕೇಳದ ಪ್ರಶ್ನೆಯನ್ನು ಬೇರೆಯವರು ಕೇಳುವುದು ಅಪರೂಪ. ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ ಹರಡುವ ಮಂಗನ ಕಾಯಿಲೆಯ ವೈರಾಣುವಿಗೆ ಹತ್ತಿರದ ಸಂಬಂಧಿಯಾದ ಇನ್ನೊಂದು ವೈರಾಣು ಯುರೋಪಿನಲ್ಲಿ ಉಣುಗುಗಳ ಮೂಲಕವೇ ಹರಡಿ ಮೆದುಳಿನ ಉರಿಯೂತ ತರುತ್ತದೆ. ಅದಕ್ಕೆ 1970ರ ದಶಕದಿಂದಲೇ ಪರಿಣಾಮಕಾರಿ ಲಸಿಕೆ ಇದೆ. ನಮ್ಮಲ್ಲಿ ದಶಕಗಳ ಕಾಲ ಕೊಟ್ಟ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಆದರೂ ರಕ್ಷಣೆ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ನಡೆದಿದೆಯಾದರೂ ಅದು ಇಷ್ಟು ತಡವಾದದ್ದಕ್ಕೆ ವಿಜ್ಞಾನದ ತೊಡಕಿಗಿಂತ ಕೊಳ್ಳುವವರ ಬಡತನವೇ ದೊಡ್ಡ ಕಾರಣವೆಂದು ನನಗೆ ಅನ್ನಿಸುತ್ತದೆ. ಪಶ್ಚಿಮ ಘಟ್ಟದ ಕಾಡಂಚಿನ ಹಳ್ಳಿಗಳಲ್ಲಿ, ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು (ಉದುರಿದ ಒಣ ಎಲೆ) ಗುಡಿಸುವವರಿಗೂ ಕಟ್ಟಿಗೆ ತರುವವರಿಗೂ ತಗಲುವ ರೋಗದಲ್ಲಿ ಯಾವ ಕಂಪನಿಗೂ ಲಾಭ ಕಾಣುವುದಿಲ್ಲ. ಅಭಿವೃದ್ಧಿಗಾಗಿ ಆರೋಗ್ಯ ಸಂಶೋಧನೆ ಕುರಿತ ಅಂತರರಾಷ್ಟ್ರೀಯ ಆಯೋಗವು 1990ರಲ್ಲಿ ಹೇಳಿದ್ದೂ ಇದನ್ನೇ: ತಡೆಯಬಹುದಾದ ಅಕಾಲ ಮರಣದ ಹೊರೆಯಲ್ಲಿ ಶೇ. 93ರಷ್ಟನ್ನು ಹೊರುವ ಬಡ ದೇಶಗಳ ಸಮಸ್ಯೆಗಳಿಗೆ ಜಗತ್ತಿನ ಆರೋಗ್ಯ ಸಂಶೋಧನೆಯ ಹಣದಲ್ಲಿ ದೊರೆಯುತ್ತಿದ್ದುದು ಸುಮಾರು ಶೇ. 5 ಮಾತ್ರ.

ಎಲ್ಲ ಸಂಶೋಧನೆಯೂ ದುಬಾರಿಯಲ್ಲ ಎಂಬುದನ್ನೂ ಹೇಳಬೇಕು. ಉಣುಗು ಹಿಡಿಯುವವರು ಬಿಳಿ ಬಟ್ಟೆಯನ್ನು ದರಕಿನ ಮೇಲೆ ಮೆಲ್ಲಗೆ ಎಳೆದುಕೊಂಡು ನಡೆಯುತ್ತಾರೆ. ಸ್ವಲ್ಪ ದೂರಕ್ಕೊಮ್ಮೆ ನಿಂತು, ಬಟ್ಟೆಗೆ ಹತ್ತಿದ ಎಳ್ಳಿಗಿಂತ ಸಣ್ಣ ಮರಿಗಳನ್ನು ಚಿಮಟದಿಂದ ಒಂದೊಂದಾಗಿ ಹೆಕ್ಕಿ ನಳಿಕೆಗೆ ಹಾಕುತ್ತಾರೆ. ಪ್ರಯೋಗಾಲಯದಲ್ಲಿ ಅವುಗಳ ಜಾತಿ ಗುರುತಿಸಿ ವೈರಾಣುವಿಗಾಗಿ ಪರೀಕ್ಷಿಸಲಾಗುತ್ತದೆ. ಹೀಗೆ ವರ್ಷವಿಡೀ ನಡೆದರೆ ಮನುಷ್ಯರಿಗೆ ಜ್ವರ ಬರುವ ಮೊದಲೇ ಯಾವ ಬೆಟ್ಟದಲ್ಲಿ ಅಪಾಯವಿದೆಯೆಂದು ತಿಳಿಯುವ ಸಾಧ್ಯತೆ ಇರುತ್ತದೆ. ಇದಕ್ಕೆ ಬೇಕಾದ ಮುಖ್ಯ ಖರ್ಚು ಕಾಡು ಬಲ್ಲ, ಕೈ ಪಳಗಿದ ಕೆಲವರ ಸಂಬಳ. ಯೋಜನೆ ಮುಗಿದೊಡನೆ ಅವರನ್ನು ಮನೆಗೆ ಕಳಿಸಿ, 2024ರಲ್ಲಿ ನಿಮ್ಮ ತಾಲೂಕಿನಲ್ಲಿ ಆದಂತೆ ರೋಗ ಉಲ್ಬಣಿಸಿದಾಗ ಹೊಸಬರನ್ನು ಹುಡುಕುತ್ತ ಹೋದರೆ, ಹಿಂದಿನ ವರ್ಷಗಳ ಅನುಭವವೆಲ್ಲ ನೀರುಪಾಲಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಯಾರೂ ಬರುವುದಿಲ್ಲವೆಂಬ ನಿಮ್ಮ ದೂರು ತೀರಾ ನ್ಯಾಯವಾದದ್ದು.

ಪ್ರಶ್ನೆ: ಇಂಥ ಕೆಲಸಕ್ಕೆ ವಿದೇಶಿ ಸಂಸ್ಥೆಗಳು ಹಣ ಕೊಟ್ಟರೆ ತಪ್ಪೇನು?
– ಓದುಗರು, ಕಾರವಾರ

ಉತ್ತರ: ತಪ್ಪೇನೂ ಇಲ್ಲ. ಮಂಗನ ಕಾಯಿಲೆಯ ವೈರಾಣುವನ್ನು ಗುರುತಿಸಿದ ಪುಣೆಯ ವೈರಾಣು ಸಂಶೋಧನಾ ಕೇಂದ್ರ 1952ರಲ್ಲಿ ಆರಂಭವಾದದ್ದೇ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆಗೂಡಿ. ಆದರೆ ಹೊರಗಿನ ಹಣ ಹೊರಗಿನವರ ತೀರ್ಮಾನದಂತೆ ನಿಲ್ಲಲೂಬಹುದು. ಅನೇಕ ದೇಶಗಳಲ್ಲಿ ತಾಯಿ-ಮಕ್ಕಳ ಆರೋಗ್ಯದ ಅಂಕಿಅಂಶ ಕಲೆಹಾಕುತ್ತಿದ್ದ ಸಮೀಕ್ಷಾ ಕಾರ್ಯಕ್ರಮಕ್ಕೆ ಅಮೆರಿಕ 2025ರಲ್ಲಿ ನೆರವು ನಿಲ್ಲಿಸಿದಾಗ ನಡುವಿನಲ್ಲಿದ್ದ ಸಮೀಕ್ಷೆಗಳೂ ಅತಂತ್ರವಾದವು. ಕಟ್ಟಡ, ಉಪಕರಣ, ತರಬೇತಿಗೆ ಹೊರಗಿನ ನೆರವು ಪಡೆಯೋಣ. ಸಿಬ್ಬಂದಿಯ ಸಂಬಳ ಮತ್ತು ಯಾವ ರೋಗವನ್ನು ಅಧ್ಯಯನ ಮಾಡಬೇಕೆಂಬ ತೀರ್ಮಾನ ಮಾತ್ರ ನಮ್ಮ ಸರ್ಕಾರದ ಬಳಿಯೇ ಇರಬೇಕು. ಮೇಲೆ ಹೇಳಿದ ಆಯೋಗವು ಪ್ರತಿ ಬಡ ದೇಶವೂ ತನ್ನ ಆರೋಗ್ಯ ವೆಚ್ಚದ ಕನಿಷ್ಠ ಶೇ. 2ನ್ನು ಸಂಶೋಧನೆಗೆ ಇಡಬೇಕೆಂದು ಸೂಚಿಸಿತ್ತು. ರಾಜ್ಯದ ಆರೋಗ್ಯ ಬಜೆಟ್ಟಿನಲ್ಲಿ ಆ ಪಾಲು ಎಷ್ಟಿದೆ, ಅದರಲ್ಲಿ ಉತ್ತರ ಕನ್ನಡಕ್ಕೆ ಬಂದದ್ದೆಷ್ಟು ಎಂದು ನಿಮ್ಮ ಶಾಸಕರನ್ನು ಲಿಖಿತವಾಗಿ ಕೇಳಿ.