ಟೆಕ್ನೋ (ಎಲೆಕ್ಟ್ರಾನಿಕ್ ನೃತ್ಯಸಂಗೀತ) ಡಿಜೆಯಾಗಿ ಮಿಕ್ಸ್ ಮಾಡಲು ಯಾವ ಸಾಫ್ಟ್‌ವೇರ್, ಎಂಥ ಕಂಟ್ರೋಲರ್ ಕೊಳ್ಳಬೇಕು?

ಎಲ್ಲಿ ನುಡಿಸುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಮುಂದೆ ಕ್ಲಬ್‌ನ ಸಿಡಿಜೆಗಳಲ್ಲಿ (ಡಿಜೆಗಳು ಹಾಡು ನುಡಿಸುವ ಪ್ಲೇಯರ್ ಯಂತ್ರಗಳು) ನುಡಿಸುವ ಆಸೆಯಿದ್ದರೆ ರೆಕಾರ್ಡ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಕಲಿಯಿರಿ. ಕ್ಯೂ ಪಾಯಿಂಟ್ (ಹಾಡಿನಲ್ಲಿ ಗುರುತಿಟ್ಟ ಜಾಗ), ಲೂಪ್‌ಗಳನ್ನು (ಮತ್ತೆ ಮತ್ತೆ ಸುತ್ತುವ ತುಣುಕು) ಪೆನ್‌ಡ್ರೈವ್‌ನಲ್ಲೇ ಒಯ್ಯಬಹುದು. ಲ್ಯಾಪ್‌ಟಾಪ್‌ನಲ್ಲೇ ಮೂರು-ನಾಲ್ಕು ಡೆಕ್ (ಒಂದೊಂದು ಹಾಡು ನುಡಿಸುವ ಪ್ಲೇಯರ್) ಹೆಣೆಯುವುದಾದರೆ ನನ್ನ ಮತ ಟ್ರಾಕ್ಟರ್ ಸಾಫ್ಟ್‌ವೇರ್‌ಗೆ.

ಕಂಟ್ರೋಲರ್‌ನಲ್ಲಿ ಜಾಗ್ ವೀಲ್‌ಗಿಂತ (ಕೈಯಿಂದ ತಿರುಗಿಸುವ ದುಂಡು ಚಕ್ರ) ಮಿಕ್ಸರ್ ಭಾಗ ಮುಖ್ಯ. ಪ್ರತಿ ಚಾನಲ್‌ಗೆ ಮೂರು ಇಕ್ಯೂ ನಾಬ್ (ಲೋ, ಮಿಡ್, ಹೈ ಸದ್ದನ್ನು ಬೇರೆಬೇರೆಯಾಗಿ ಏರಿಳಿಸುವ ಗುಂಡಿಗಳು), ಪ್ರತ್ಯೇಕ ಫಿಲ್ಟರ್, ಬೆರಳುಗಳಿಗೆ ಸಾಕಷ್ಟು ಜಾಗ ಇರಲಿ. 130 ಬಿಪಿಎಂನಲ್ಲಿ (ನಿಮಿಷಕ್ಕೆ 130 ಬೀಟ್) 64 ಬಾರ್‌ಗಳ (ಬಾರ್‌ಗೆ 4 ಬೀಟ್) ಬ್ಲೆಂಡ್, ಅಂದರೆ ಒಂದು ಹಾಡಿನೊಳಗೆ ಇನ್ನೊಂದನ್ನು ಬೆರೆಸುವುದು, ಎಂದರೆ ಸುಮಾರು 2 ನಿಮಿಷ. ಅಷ್ಟು ಹೊತ್ತೂ ಕೈ ಆ ನಾಬ್‌ಗಳ ಮೇಲೇ ಇರುತ್ತದೆ. ಎರಡು ಹಾಡುಗಳ ಕಿಕ್‌ಗಳ (ದಪ್ಪ ಡ್ರಮ್ ಹೊಡೆತ) ಬಾಸ್ ಒಟ್ಟಿಗೆ ಬಿಟ್ಟರೆ ಸದ್ದು ಕಲಸಿಹೋಗುತ್ತದೆ, ಹಾಗಾಗಿ ಒಂದರ ಲೋ ಪೂರ್ತಿ ಇಳಿಸಿಯೇ ಇನ್ನೊಂದನ್ನು ತನ್ನಿ.

ಸಿಂಕ್ (ಎರಡು ಹಾಡುಗಳ ಬೀಟ್ ತಾನೇ ಹೊಂದಿಸುವ ಗುಂಡಿ) ಒತ್ತಿದರೂ ಕಿಕ್‌ಗಳು ‘ದಡ್-ದಡ್’ ಎಂದು ಜೋಡಿಯಾಗಿ ಕೇಳಿಸಿದರೆ ಹೆಚ್ಚಾಗಿ ತಪ್ಪು ಬೀಟ್‌ಗ್ರಿಡ್‌ನದ್ದು (ಹಾಡಿನ ಬೀಟ್‌ಗಳಿಗೆ ಸಾಫ್ಟ್‌ವೇರ್ ಹಾಕುವ ಗೆರೆಗಳು). ವೇವ್‌ಫಾರ್ಮ್ (ಸದ್ದಿನ ಅಲೆಚಿತ್ರ) ಹಿಗ್ಗಿಸಿ, ಮೊದಲ ಕಿಕ್ ಏಳುವ ಅಂಚಿಗೇ ಗ್ರಿಡ್ ಕೂರಿಸಿ. ಆಮೇಲೆ ಟ್ರ್ಯಾಕ್‌ನ ಕೊನೆಯನ್ನೂ ನೋಡಿ. ಅಲ್ಲಿ ಜಾರಿದ್ದರೆ ಬಿಪಿಎಂ ಅಂಕಿಯೇ ತಪ್ಪು.

ಸಾಫ್ಟ್‌ವೇರ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್ (ಸದ್ದನ್ನು ಮೊದಲೇ ಸಿದ್ಧಪಡಿಸಿಡುವ ತುಣುಕಿನ ಗಾತ್ರ) 256 ಸ್ಯಾಂಪಲ್‌ಗಳಿಂದ ಶುರುಮಾಡಿ, ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 6 ಮಿಲಿಸೆಕೆಂಡ್. ಚಟಪಟ ಸದ್ದು ಬಂದರೆ 512ಕ್ಕೆ ಏರಿಸಿ.