ಶಿರಸಿಯ ಮಳೆಗಾಲದಲ್ಲಿ ಸೌತೆ, ಹೀರೆ ಸಸಿ ರಾತ್ರಿ ಬೆಳಗಾಗುವುದರೊಳಗೆ ಮಾಯ. ವಿಷ ಹೊಡೆಯದೆ ಉಳಿಸೋದು ಹೇಗೆ?

ಮೊದಲು ಕಳ್ಳ ಯಾರು ಅಂತ ನೋಡಿ. ಬೆಳಿಗ್ಗೆ ಎಲೆ ಮೇಲೆ, ಮಣ್ಣಿನ ಮೇಲೆ ಬೆಳ್ಳಿ ಗೆರೆಯಂಥ ಅಂಟು ಕಂಡರೆ ಅದು ಬಸವನಹುಳು. ನಮ್ಮ ಕಡೆಯ ಮಳೆಗೆ ಇದರ ಕಾಟವೇ ಜಾಸ್ತಿ. ಬೂದಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒದ್ದೆಯಾದರೆ ಬೂದಿ ಕೆಲಸ ಮಾಡಲ್ಲ, ಜುಲೈನಲ್ಲಿ ಹಾಕುವುದು ಸುಮ್ನೆ ದಂಡ. ಅದರ ಬದಲು ಸಂಜೆ ಸಸಿಗಳ ನಡುವೆ ಒದ್ದೆ ಗೋಣಿಚೀಲ ಹಾಸಿ, ಅಡಿಯಲ್ಲಿ ಪಪ್ಪಾಯಿ ಎಲೆಯನ್ನೋ ಕೋಸಿನ ಎಲೆಯನ್ನೋ ಇಡಿ. ಬೆಳಿಗ್ಗೆ ಎತ್ತಿದರೆ ಹುಳುಗಳೆಲ್ಲ ಅಲ್ಲೇ ಅಡಗಿರುತ್ತವೆ. ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಮಣ್ಣಿಗೆ ಮಾತ್ರ ಚೆಲ್ಲಬೇಡಿ, ಸಸಿಯೇ ಸಾಯುತ್ತದೆ. ಒಂದೆರಡು ವಾರ ಬಿಡದೆ ಮಾಡಬೇಕು, ಬೇಜಾರಿನ ಕೆಲಸವೇ.

ಸಸಿ ಬುಡದಲ್ಲೇ ಕತ್ತರಿಸಿ ಬಿದ್ದಿದ್ದರೆ ಅದು ಮಣ್ಣಿನಲ್ಲಿರುವ ಕತ್ತರಿ ಹುಳು. ತಳ ತೆಗೆದ ಪೇಪರ್ ಲೋಟವನ್ನು ಸಸಿಯ ಸುತ್ತ ಒಂದಿಂಚು ಮಣ್ಣಿಗೆ ಊರಿ, ಸಾಕು.

ಹಗಲಲ್ಲಿ ಎಲೆ ತೂತು ಮಾಡುವ ಕೆಂಪು ದುಂಬಿಯನ್ನು ಬೆಳಿಗ್ಗೆ ಬೇಗ ಕೈಯಲ್ಲೇ ಹಿಡಿಯಬಹುದು, ಆಗ ಅದು ಮಂಕಾಗಿರುತ್ತದೆ. ಹೊಳವಾದ ದಿನ ಸಂಜೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ನೀರು ಬೆರೆಸಿ ಸಿಂಪಡಿಸಿ. ಮಳೆ ಬಂದರೆ ಮತ್ತೆ ಹೊಡೆಯಬೇಕು.