‘ಸಾಕು’ ಅಂದರೆ ಏನು ಅಂತ ಶಾಲೆಗೆ ನೀವೇ ಹೇಳಬೇಕು

ನಮಸ್ಕಾರ. ಮೈಸೂರಿನಿಂದ ಅಮೆರಿಕದ ಸನಿವೇಲ್‌ಗೆ ಬಂದು ಎರಡು ತಿಂಗಳಾಯಿತು, ಆರು ವರ್ಷದ ಮಗನಿಗೆ ಆಟಿಸಂ ಇದೆ, ಮಾತು ಕಡಿಮೆ ಅಂತ ಬರೆದಿದ್ದೀರಿ. ಶಾಲೆಗೆ ಹೇಳಿದರೆ ಅವನನ್ನು ಬೇರೆ ಕೂರಿಸಿಬಿಡುತ್ತಾರೋ, ವೀಸಾಕ್ಕೆ ತೊಂದರೆ ಆಗುತ್ತದೋ, ಮನೆಯಲ್ಲಿ ಕನ್ನಡ ನಿಲ್ಲಿಸಬೇಕೋ ಅಂತ ಕೇಳಿದ್ದೀರಿ. ನಾನು ಫ್ರೀಮಾಂಟ್‌ಗೆ ಬಂದು 14 ವರ್ಷವಾಯಿತು. ನನ್ನ ಮಗಳಿಗೂ ಆಟಿಸಂ ಇದೆ, ಈಗ ಹೈಸ್ಕೂಲಿನಲ್ಲಿದ್ದಾಳೆ. ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ವರ್ಷವೇ ಕಣ್ಣ ಮುಂದೆ ಬಂತು.

ಮುಚ್ಚಿಡಬೇಡಿ, ನಾಳೆಯೇ ಹೇಳಿ. ಇಲ್ಲಿ ವಿಶೇಷ ಶಿಕ್ಷಣ ಯಾರೋ ಕರುಣೆಯಿಂದ ಕೊಡುವುದಲ್ಲ. 1975ರಲ್ಲಿ ಬಂದ ಕಾನೂನು ಇದೆ, ಈಗ ಅದನ್ನು ಐಡಿಯಾ (IDEA) ಅನ್ನುತ್ತಾರೆ. ಮಗುವಿಗೆ ಬೇಕಾದ ಕಲಿಕೆ, ಸ್ಪೀಚ್ ಥೆರಪಿ ಎಲ್ಲ ಸರ್ಕಾರಿ ಶಾಲೆಯಲ್ಲಿ ದುಡ್ಡಿಲ್ಲದೆ ಸಿಗಬೇಕು, ಅದೂ ಸಾಧ್ಯವಾದಷ್ಟು ಮಟ್ಟಿಗೆ ಬೇರೆ ಮಕ್ಕಳ ಜೊತೆಯಲ್ಲೇ. ಎಚ್-4, ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಕುಟುಂಬಕ್ಕೆ ಕೊಡುವ ವೀಸಾ, ಆದರೂ ಅಷ್ಟೇ. ವೀಸಾ ಯಾವುದು ಅನ್ನುವ ಕಾರಣಕ್ಕೆ ಮಗುವಿಗೆ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ನಾವು ಎಚ್-4ರಲ್ಲಿದ್ದಾಗಲೇ ಮಗಳಿಗೆ ಎಲ್ಲ ಶುರುವಾಯಿತು. ಆಮೇಲೆ ಗ್ರೀನ್ ಕಾರ್ಡ್ ಆಗುವಾಗಲೂ ಯಾರೂ ಈ ಮಾತು ಎತ್ತಲಿಲ್ಲ.

ಆದರೆ ಬಾಯಲ್ಲಿ ಹೇಳಿದರೆ ಸಾಲದು. ಟೀಚರ್ ಗೇಟಿನ ಹತ್ತಿರ ನಗುತ್ತಾ ‘ನೋಡೋಣ’ ಅನ್ನುತ್ತಾರೆ, ತಿಂಗಳು ಕಳೆಯುತ್ತದೆ. ಮಗುವಿನ ಮೌಲ್ಯಮಾಪನ ಮಾಡಿ ಅಂತ ಇಮೇಲ್ ಬರೆಯಿರಿ, ಪ್ರಿನ್ಸಿಪಾಲರಿಗೂ ಒಂದು ಪ್ರತಿ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ ಬರಹದಲ್ಲಿ ಕೇಳಿದ 15 ದಿನದೊಳಗೆ ಏನೇನು ಪರೀಕ್ಷೆ ಮಾಡುತ್ತೇವೆ ಅನ್ನುವ ಯೋಜನೆ ನಿಮ್ಮ ಕೈ ಸೇರಬೇಕು. ನೀವು ಒಪ್ಪಿ ಸಹಿ ಹಾಕಿ ಕೊಟ್ಟ ಮೇಲೆ 60 ದಿನದೊಳಗೆ ಮೀಟಿಂಗ್ ಆಗಬೇಕು. ದೊಡ್ಡ ರಜೆಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ಬೇಸಿಗೆ ರಜೆಗೆ ಮುಂಚೆಯೇ ಬರೆದುಬಿಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ತೋರಿಸಿದ್ದರೆ ಆ ರಿಪೋರ್ಟು ಜೊತೆಗಿಡಿ. ಅದನ್ನು ನೋಡುತ್ತಾರೆ, ಆದರೂ ತಮ್ಮ ಪರೀಕ್ಷೆ ತಾವು ಮಾಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ.

ಮೀಟಿಂಗಿನಲ್ಲಿ ಬರೆಯುವುದೇ ಐಇಪಿ, ನಿಮ್ಮ ಮಗನಿಗೆ ಅಂತಲೇ ಮಾಡುವ ಒಂದು ವರ್ಷದ ಯೋಜನೆ. ಮೇಜಿನ ಸುತ್ತ ಐದಾರು ಜನ ಇರುತ್ತಾರೆ: ಕ್ಲಾಸ್ ಟೀಚರ್, ವಿಶೇಷ ಶಿಕ್ಷಣದ ಟೀಚರ್, ಸ್ಪೀಚ್ ಥೆರಪಿಸ್ಟ್, ಸೈಕಾಲಜಿಸ್ಟ್, ಆಫೀಸಿನವರೊಬ್ಬರು. ನಾವು ಮೇಷ್ಟ್ರು ಹೇಳಿದ್ದಕ್ಕೆ ತಲೆಯಾಡಿಸಿ ಬೆಳೆದವರು ಅಲ್ವಾ, ನಾನು ಮೊದಲ ಸಲ ಕೊಟ್ಟ ಕಾಗದಕ್ಕೆಲ್ಲ ಅಲ್ಲೇ ಸಹಿ ಹಾಕಿ ಬಂದೆ. ಆಮೇಲೆ ಓದಿದರೆ ವಾರಕ್ಕೆ ಅರ್ಧ ಗಂಟೆ ಸ್ಪೀಚ್, ಅದೂ ನಾಲ್ಕು ಮಕ್ಕಳ ಗುಂಪಿನಲ್ಲಿ. ಅದನ್ನು ಸರಿ ಮಾಡಿಸಲು ನಾಲ್ಕು ತಿಂಗಳು ಹಿಡಿಯಿತು. ನೀವು ಹಾಗೆ ಮಾಡಬೇಡಿ. ಮನೆಗೆ ತಂದು ಓದಿ. ಒಪ್ಪಿಗೆ ಇರುವ ಭಾಗಕ್ಕೆ ಮಾತ್ರ ಒಪ್ಪಿಗೆ ಕೊಟ್ಟು ಉಳಿದದ್ದನ್ನು ಚರ್ಚೆಗೆ ಇಡಬಹುದು. ಜೊತೆಗೆ ಸ್ನೇಹಿತರನ್ನೋ ನೆಂಟರನ್ನೋ ಕರೆದುಕೊಂಡು ಹೋಗಬಹುದು. ದುಭಾಷಿ ಬೇಕು ಅಂದರೆ ಶಾಲೆಯೇ ಏರ್ಪಾಡು ಮಾಡಬೇಕು. ಗುರಿಗಳನ್ನು ಮಾತ್ರ ಎರಡು ಸಲ ಓದಿ. ‘ಮಾತು ಸುಧಾರಿಸುತ್ತದೆ’ ಅಂತ ಬರೆದರೆ ಅದನ್ನು ಅಳೆಯುವುದು ಹೇಗೆ? ‘ಊಟದ ಹೊತ್ತಿನಲ್ಲಿ ಐದು ಸಲದಲ್ಲಿ ನಾಲ್ಕು ಸಲ ತಾನೇ ನೀರು ಕೇಳುತ್ತಾನೆ’ ಅಂತ ಬರೆಸಿ.

ಇನ್ನು ಕನ್ನಡ. ದಯವಿಟ್ಟು ನಿಲ್ಲಿಸಬೇಡಿ. ನನಗೂ ಯಾರೋ ಹೇಳಿ ಆರು ತಿಂಗಳು ನಿಲ್ಲಿಸಿದ್ದೆ. ಮಗಳು ಅಜ್ಜಿ ಜೊತೆ ಆಡುತ್ತಿದ್ದ ನಾಲ್ಕು ಮಾತೂ ಹೋದವು, ಇಂಗ್ಲಿಷ್ ಏನೂ ಜಾಸ್ತಿ ಬರಲಿಲ್ಲ. ಅದು ನನಗೆ ಇವತ್ತಿಗೂ ನೋವು. ಶಾಲೆಗೆ ಬೇಕಾಗಿರುವುದು ಮನೆಯ ಮಾತು ಯಾವುದು ಅನ್ನುವ ವಿವರ. ಅದನ್ನು ಯಾರೂ ಕೇಳದಿದ್ದರೆ ಏನಾಗುತ್ತದೆ ಅಂತ ಹೇಳುತ್ತೇನೆ.

ಕಿಂಡರ್‌ಗಾರ್ಟನ್‌ನಲ್ಲಿ ದಿನಾ ಒಂದು ಚೀಟಿ ಬರುತ್ತಿತ್ತು: ಊಟದ ಹೊತ್ತಿಗೆ ಸಾಕ್ಸ್ ವಿಷಯಕ್ಕೆ ತುಂಬಾ ಅಳುತ್ತಾಳೆ, ಹೊಲಿಗೆ ಚುಚ್ಚದ ಸಾಕ್ಸ್ ಕಳಿಸಿ ಅಂತ. ನಾನು ಮೂರು ಜೊತೆ ಕೊಂಡು ತಂದೆ. ಅಳು ನಿಲ್ಲಲಿಲ್ಲ. ಒಂದು ದಿನ ಊಟದ ಹೊತ್ತಿಗೆ ನಾನೇ ಹೋಗಿ ಬಾಗಿಲ ಹತ್ತಿರ ನಿಂತೆ. ಸಹಾಯಕಿ ಪ್ರೀತಿಯಿಂದ ಚಮಚದಲ್ಲಿ ಮೊಸರನ್ನ ತಿನ್ನಿಸುತ್ತಿದ್ದರು. ಮಗಳು ಕೈ ಅಡ್ಡ ಇಟ್ಟು ‘ಸಾಕು, ಸಾಕು’ ಅಂದಳು. ಆಕೆ ಡಬ್ಬಿ ಕೆಳಗಿಟ್ಟು, ಬಗ್ಗಿ, ಇವಳ ಬೂಟು ಬಿಚ್ಚಿ ಸಾಕ್ಸ್ ಎಳೆದು ಸರಿ ಮಾಡಿದರು. ಮತ್ತೆ ಚಮಚ ತೆಗೆದುಕೊಂಡರು. ಮತ್ತೆ ‘ಸಾಕು’. ಮತ್ತೆ ಬೂಟು. ನಾನು ಅಲ್ಲೇ ಅತ್ತುಬಿಟ್ಟೆ. ಮಾತು ಬರುವುದಿಲ್ಲ ಅನ್ನಿಸಿಕೊಂಡ ಮಗು ಸರಿಯಾದ ಮಾತನ್ನೇ ಆಡುತ್ತಿತ್ತು, ಕೇಳುವವರಿಗೆ ಗೊತ್ತಿರಲಿಲ್ಲ ಅಷ್ಟೇ. ಆ ರಾತ್ರಿ ಇಪ್ಪತ್ತು ಪದ ಬರೆದೆ: ಸಾಕು, ಬೇಡ, ನೀರು, ಉಚ್ಚೆ, ಬಾ, ನೋವು, ಹೀಗೆ. ಉಚ್ಚಾರಣೆ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಅರ್ಥ. ಸಹಾಯಕಿ ಅದನ್ನು ತಮ್ಮ ಕುತ್ತಿಗೆಯ ಬ್ಯಾಡ್ಜಿನ ಹಿಂದೆ ಸಿಕ್ಕಿಸಿಕೊಂಡರು, ವರ್ಷ ಪೂರ್ತಿ ಅದು ಅಲ್ಲೇ ಇತ್ತು. ದೊಡ್ಡವರ ಮೀಟಿಂಗಿಗಿಂತ ದಿನವಿಡೀ ಪಕ್ಕದಲ್ಲಿರುವ ಇಂಥವರ ಪರಿಚಯ ಮುಖ್ಯ ಅಂತ ನನಗೆ ಅನ್ನಿಸಿದ್ದು ಆಗಲೇ.

ಹಾಗಾಗಿ ಇಮೇಲ್ ಕಳಿಸಿದ ಮೇಲೆ ನೀವೂ ಒಂದು ಪಟ್ಟಿ ಮಾಡಿ. ಒಂದು ಭಾನುವಾರ ಸುಮ್ನೆ ಅವನ ಹಿಂದೆ ಕೂತು, ಅವನು ಏನು ಅನ್ನುತ್ತಾನೋ ಹಾಗೇ ಬರೆದುಕೊಳ್ಳಿ. ನೀರಿಗೆ ‘ನೀಯು’ ಅಂದರೆ ‘ನೀಯು’ ಅಂತಲೇ ಇರಲಿ, ತಿದ್ದಬೇಡಿ. ಮಾತಿಲ್ಲದ ಕಡೆ ಸನ್ನೆ ಬರೆಯಿರಿ, ಕಿವಿ ಮುಚ್ಚಿಕೊಂಡರೆ ಏನು, ಕೈ ಹಿಡಿದು ಎಳೆದರೆ ಏನು ಅಂತ. ಇಂಗ್ಲಿಷಿನಲ್ಲಿ ಇಮೇಲ್ ಬರೆಯಲು ಅಳುಕಿದ್ದರೆ ನನಗೆ ಕಳಿಸಿ, ಇವತ್ತು ರಾತ್ರಿಯೇ ನೋಡಿಕೊಡುತ್ತೇನೆ.